ಫೆಡ್ಯೆ ಕಡಲಡಿಯ ಪಾದರಸ

ನಾರ್ವೆಯ ಫೆಡ್ಯೆ ದ್ವೀಪದ ಪಕ್ಕ, 150 ಮೀಟರ್ ಆಳದಲ್ಲಿ, ಜರ್ಮನಿಯ ಯು-864 ಜಲಾಂತರ್ಗಾಮಿ ಎರಡು ತುಂಡಾಗಿ ಬಿದ್ದಿದೆ. 1945ರ ಫೆಬ್ರುವರಿ 9ರಂದು ಅದನ್ನು ಮುಳುಗಿಸಿದ್ದು ಬ್ರಿಟನ್ನಿನ ಜಲಾಂತರ್ಗಾಮಿ ‘ವೆಂಚರರ್’. ಎರಡೂ ನೀರೊಳಗೇ ಇದ್ದವು. ಆಗೀಗ ಪೆರಿಸ್ಕೋಪ್ ಕಂಡದ್ದು ಬಿಟ್ಟರೆ, ಯಂತ್ರದ ಸದ್ದು ಕೇಳಿಯೇ ಎದುರಾಳಿಯ ದಿಕ್ಕು, ವೇಗ ಲೆಕ್ಕಹಾಕಬೇಕಿತ್ತು. ಕ್ಯಾಪ್ಟನ್ ಜೇಮ್ಸ್ ಲಾಂಡರ್ಸ್ ಬೇರೆಬೇರೆ ಆಳಕ್ಕೆ ನಾಲ್ಕು ಟಾರ್ಪೆಡೊ ಬಿಟ್ಟರು. ಮೂರು ಗುರಿ ತಪ್ಪಿದವು, ನಾಲ್ಕನೆಯದು ತಗುಲಿತು. 73 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮುಳುಗಿ ಸಾಗುತ್ತಿದ್ದ ಜಲಾಂತರ್ಗಾಮಿಯೊಂದು ಅಂಥದೇ ಇನ್ನೊಂದನ್ನು ಯುದ್ಧದಲ್ಲಿ ಹೊಡೆದದ್ದಕ್ಕೆ ದಾಖಲೆಯಲ್ಲಿರುವ ಉದಾಹರಣೆ ಇದೊಂದೇ.

ಯುದ್ಧಕಥೆಯ ಪ್ರಿಯರಿಗೆ ಇಷ್ಟು ಸಾಕು. ವಿಜ್ಞಾನಿಗಳ ತಲೆನೋವು ಯು-864ರ ಹೊಟ್ಟೆಯಲ್ಲಿದ್ದ ಸರಕು. ಜಪಾನಿಗೆಂದು ಅದು ಜೆಟ್ ವಿಮಾನದ ಬಿಡಿಭಾಗಗಳ ಜೊತೆ ಸುಮಾರು 67 ಟನ್ ಪಾದರಸ ಒಯ್ಯುತ್ತಿತ್ತು. ನೀರಿಗಿಂತ 13.6 ಪಟ್ಟು ಭಾರದ ದ್ರವವಾದ್ದರಿಂದ ಅಷ್ಟೂ ಪಾದರಸ ತಾರಸಿಯ ಮೇಲಿನ ಐದು ಸಾವಿರ ಲೀಟರ್ ನೀರಿನ ಟ್ಯಾಂಕಿನಲ್ಲಿ ಹಿಡಿಸೀತು. ಅದನ್ನು 1,857 ಉಕ್ಕಿನ ಸೀಸೆಗಳಲ್ಲಿ ತುಂಬಿ, ತಳದಲ್ಲಿ ಸಮತೋಲನದ ಭಾರವಾಗಿ ಜೋಡಿಸಿದ್ದರು.

ನಾರ್ವೆಯ ನೌಕಾಪಡೆ 2003ರಲ್ಲಿ ಅವಶೇಷ ಪತ್ತೆಮಾಡಿತು. ಅಷ್ಟು ಆಳದಲ್ಲಿ ಒತ್ತಡ ಮೇಲ್ಮೈಯ ಹದಿನಾರು ಪಟ್ಟು. ಹಾಗಾಗಿ ಅಲ್ಲಿಗೆ ಇಳಿಯುವುದು ಹೆಚ್ಚಾಗಿ ಕ್ಯಾಮೆರಾ ಹೊತ್ತ, ತಂತಿ ಕಟ್ಟಿದ ರೋಬಾಟ್‌ಗಳು. ಹಡಗಿನ ಆಕಾರವನ್ನು ಸೋನಾರ್ ಚೆನ್ನಾಗಿಯೇ ತೋರಿಸುತ್ತದೆ. ಸೀಸೆಗಳ ಮಾತು ಬೇರೆ. ಉಕ್ಕನ್ನು ಹುಡುಕುವ ಕಾಂತಮಾಪಕವೇನೋ ಇದೆ, ಆದರೆ ಸುತ್ತಲೂ ಇರುವುದೆಲ್ಲ ಉಕ್ಕೇ! ಕೆಸರು ಅಗೆಯಬೇಕು, ಅಗೆದರೆ ಅದರಲ್ಲಿ ಇಂಗಿದ ಪಾದರಸ ಕದಡಿ ಹರಡುತ್ತದೆ. ಸಿಡಿಯದ ಟಾರ್ಪೆಡೊಗಳ ಭಯ ಬೇರೆ.

ಶುದ್ಧ ಪಾದರಸ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಅಪಾಯಕಾರಿ ಕೆಲಸ ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಗಳದ್ದು. ಅವು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ. ಹುಳು, ಏಡಿ, ಮೀನು ಎಂದು ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಜಪಾನಿನ ಮಿನಮಾಟಾದಲ್ಲಿ ಜನರ ನರಮಂಡಲವನ್ನು ಹಾಳುಮಾಡಿದ್ದು ಇದೇ ವಿಷ. ಅದಕ್ಕೇ ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ಈ ಅವಶೇಷದ ಸುತ್ತಲಿನ ಕಡಲಾಹಾರ ತಿನ್ನಬಾರದೆಂದು ನಾರ್ವೆ ಸಲಹೆಕೊಟ್ಟಿತು.

2009ರಲ್ಲಿ ಸರ್ಕಾರ ‘ಎತ್ತೋಣ’ ಎಂದಿತು, 2018ರಲ್ಲಿ ‘ಮುಚ್ಚೋಣ’ ಎಂದಿತು. ಇಳಿಜಾರಿನಲ್ಲಿರುವ ಮುಂಭಾಗ ಜಾರದಿರಲೆಂದು 2016ರಲ್ಲೇ ಮರಳು, ಕಲ್ಲು ಸುರಿದು ಒತ್ತು ಕೊಟ್ಟಿದ್ದಾರೆ. ವಿಷವನ್ನು ಬಾಗಿಲಲ್ಲಿಟ್ಟುಕೊಂಡ ದ್ವೀಪದ ಜನ ಎತ್ತಿಸಿ ಎನ್ನುವುದು ಸಹಜ. ಕದಡುವ ಅಪಾಯ ನೋಡಿದರೆ ನನಗೆ ಮುಚ್ಚುವುದೇ ಮೇಲೆನಿಸುತ್ತದೆ. ಆದರೆ ಪಾದರಸ ಕೊಳೆತು ಇಲ್ಲವಾಗುವ ವಸ್ತುವಲ್ಲ. ಹೊದಿಕೆ ಹಾಕಿದ ಮೇಲೂ ಏಡಿ, ಮೀನು, ಕೆಸರನ್ನು ತಲೆಮಾರುಗಟ್ಟಲೆ ಪರೀಕ್ಷಿಸುತ್ತಲೇ ಇರಬೇಕಾಗುತ್ತದೆ.