ಅದು ಕಾಶ್ಮೀರದ ರೇಷ್ಮೆ ಕಾರ್ಪೆಟ್ಟೇ? ಬೆನ್ನು ತಿರುಗಿಸಿ, ಗಂಟು ಎಣಿಸಿ, ಕೂಲಿ ಲೆಕ್ಕ ಹಾಕಿ

ಬೆಂಗಳೂರಿನ ಯಾವುದಾದರೂ ಕರಕುಶಲ ಮೇಳದಲ್ಲಿ ಕಾರ್ಪೆಟ್ ಮಳಿಗೆಯ ಮುಂದೆ ಎರಡು ನಿಮಿಷ ನಿಂತರೆ ಸಾಕು. 'ತಗೋಬೇಡಿ ಮೇಡಂ, ಸುಮ್ಮನೆ ನೋಡಿ' ಅಂತ ಒಂದು ಕಾರ್ಪೆಟ್ಟನ್ನು ನೆಲಕ್ಕೆ ಹಾಸುತ್ತಾರೆ. ಆಮೇಲೆ ಅದನ್ನು ಗಿರ್ರನೆ ಅರ್ಧ ಸುತ್ತು ತಿರುಗಿಸುತ್ತಾರೆ. ಈ ಕಡೆಯಿಂದ ತಿಳಿ ಬಣ್ಣ, ಆ ಕಡೆಯಿಂದ ಗಾಢ. 'ನೋಡಿ, ಬಣ್ಣ ಬದಲಾಯ್ತಲ್ವಾ? ಅಸಲಿ ಕಾಶ್ಮೀರಿ ರೇಷ್ಮೆ!'

ಬಣ್ಣ ಬದಲಾಗೋದು ನಿಜ. ಆದರೆ ಅದು ರೇಷ್ಮೆಗೆ ಸಾಕ್ಷಿ ಅಲ್ಲ. ಮೇಲೆ ನಿಂತಿರುವ ನೂಲಿನ ತುದಿಗಳೆಲ್ಲ ಒಂದೇ ದಿಕ್ಕಿಗೆ ವಾಲಿಕೊಂಡಿರುವುದರಿಂದ ಬೆಳಕು ಒಂದು ಕಡೆಯಿಂದ ಹೆಚ್ಚು, ಇನ್ನೊಂದು ಕಡೆಯಿಂದ ಕಡಿಮೆ ಪ್ರತಿಫಲಿಸುತ್ತದೆ. ಸಸ್ಯದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ನೂಲೂ ಇದೇ ಆಟ ಆಡುತ್ತದೆ. ಅದನ್ನೇ 'ಆರ್ಟ್ ಸಿಲ್ಕ್', 'ಬ್ಯಾಂಬೂ ಸಿಲ್ಕ್' ಎಂಬ ಹೆಸರಲ್ಲಿ ಮಾರುತ್ತಾರೆ. ಒದ್ದೆಯಾದರೆ ದುರ್ಬಲವಾಗುವ, ನೀರು ಬಿದ್ದಲ್ಲಿ ಕಲೆ ಉಳಿಯುವ ನೂಲದು.

ಹಾಗಾದರೆ ಕಂಡುಹಿಡಿಯೋದು ಹೇಗೆ? ಮೊದಲು ಕಾರ್ಪೆಟ್ಟಿನ ಬೆನ್ನು ನೋಡಿ. ಕೈಯಲ್ಲಿ ಗಂಟು ಹಾಕಿ ನೇಯ್ದದ್ದಾದರೆ ಮುಂದಿನ ಚಿತ್ರವೇ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ, ಸಾಸಿವೆಗಿಂತ ಸಣ್ಣ ಉಬ್ಬುಗಳ ಸಾಲಾಗಿ. ಆ ಸಾಲುಗಳು ಅಲ್ಲಲ್ಲಿ ತುಸು ಓರೆಯಾಗಿರುತ್ತವೆ, ಕೈಕೆಲಸ ಅಂದ್ರೆ ಹಾಗೇ. ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ ಅದು ಬಹುಮಟ್ಟಿಗೆ 'ಹ್ಯಾಂಡ್ ಟಫ್ಟೆಡ್'. ಬಟ್ಟೆಯೊಳಗೆ ಗನ್ನಿನಿಂದ ನೂಲು ಚುಚ್ಚಿ, ರಬ್ಬರ್ ಅಂಟು ಬಳಿದು, ಮೇಲೊಂದು ಬಟ್ಟೆ ಮುಚ್ಚಿರುತ್ತಾರೆ. ಗನ್ ಹಿಡಿದಿದ್ದು ಕೈಯೇ ಆದ್ದರಿಂದ 'ಹ್ಯಾಂಡ್‌ಮೇಡ್' ಎಂಬ ಪದ ಪೂರ್ತಿ ಸುಳ್ಳೂ ಅಲ್ಲ! ಆದರೆ ತಿಂಗಳುಗಳ ಕೆಲಸ ಅಲ್ಲಿ ಕೆಲವೇ ದಿನಗಳಲ್ಲಿ ಮುಗಿದಿರುತ್ತದೆ. ಎರಡನೆಯದು ಅಂಚಿನ ಕುಚ್ಚು. ಗಂಟಿನ ಕಾರ್ಪೆಟ್ಟಿನಲ್ಲಿ ಕುಚ್ಚು ಅಂದರೆ ಮಗ್ಗದ ಹಾಸುನೂಲಿನ ತುದಿ, ಅಂದರೆ ಅದು ಕಾರ್ಪೆಟ್ಟಿನದೇ ಭಾಗ. ಮೆಷಿನ್ ಮಾಲಿಗೆ ಸಾಮಾನ್ಯವಾಗಿ ಕುಚ್ಚನ್ನು ಆಮೇಲೆ ಹೊಲಿದಿರುತ್ತಾರೆ.

ಇನ್ನು ಸುಟ್ಟು ನೋಡುವ ಪರೀಕ್ಷೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ. ವಿಸ್ಕೋಸ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಸುಡಲು ಕೊಟ್ಟ ನೂಲು ಎಲ್ಲಿಂದ ಬಂತು ಅನ್ನೋದನ್ನು ನೋಡಿಕೊಳ್ಳಿ. ಕುಚ್ಚಿನಿಂದ ಕಿತ್ತದ್ದು ಹಾಸಿನ ಬಗ್ಗೆ ಮಾತ್ರ ಹೇಳುತ್ತದೆ. ಹಾಸು ಹತ್ತಿ, ಮೇಲ್ಮೈ ರೇಷ್ಮೆ ಎಂಬ ಜೋಡಣೆ ಕಾಶ್ಮೀರದಲ್ಲಿ ಮಾಮೂಲು, ಅದು ಮೋಸವಲ್ಲ. ಹಾಗಾಗಿ ಗಂಟಿನ ನೂಲಿನ ತುದಿಯನ್ನೇ ಕೇಳಿ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿಯೂ ನೋಡಿ, ಬಣ್ಣ ಹತ್ತಿದರೆ ಡೈ ನಿಂತಿಲ್ಲ ಎಂದರ್ಥ.

ಇಷ್ಟು ಗುಣಮಟ್ಟದ ಮಾತು. ಹುಟ್ಟಿದ ಊರು ಯಾವುದು ಎಂಬುದು ಬೇರೆಯೇ ಪ್ರಶ್ನೆ. ಅಂಗಡಿಯಲ್ಲಿ 'ಇದು ಕಶಾನ್', 'ಇದು ಬುಖಾರಾ' ಅಂತಾರೆ. ಇವು ಊರ ಹೆಸರುಗಳೇ, ಆದರೆ ಅಂಗಡಿಯ ಭಾಷೆಯಲ್ಲಿ ಬರೀ ಡಿಸೈನ್ ಹೆಸರು. ಇರಾನಿನ ಕಶಾನ್ ವಿನ್ಯಾಸವನ್ನು ಶ್ರೀನಗರದಲ್ಲೂ ನೇಯುತ್ತಾರೆ, ಭದೋಹಿಯಲ್ಲೂ ನೇಯುತ್ತಾರೆ. ಮೂಲೆಯಲ್ಲಿ ನೇಯ್ದ ಸಹಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಟರ್ಕಿಯ ಹೆರೆಕೆ ರೇಷ್ಮೆ ಕಾರ್ಪೆಟ್ಟಿನ ಸಹಿಯನ್ನೇ ನಕಲು ಮಾಡಿದ ಚೀನಾ ಮಾಲು ಮಾರುಕಟ್ಟೆಗೆ ಬಂದಿದೆ. ಗಂಟಿನ ರೀತಿ ಒಂದಿಷ್ಟು ಸುಳಿವು ಕೊಡುತ್ತದೆ. ಹೆರೆಕೆಯಲ್ಲಿ ನೂಲು ಎರಡೂ ಹಾಸೆಳೆಗಳನ್ನು ಸಮವಾಗಿ ಸುತ್ತುತ್ತದೆ. ಇರಾನ್ ಮತ್ತು ಕಾಶ್ಮೀರದ ಗಂಟಿನಲ್ಲಿ ಒಂದೆಳೆಯನ್ನು ಪೂರ್ತಿ ಸುತ್ತಿ, ಇನ್ನೊಂದರ ಹಿಂದೆ ಹಾದುಹೋಗುತ್ತದೆ.

ಕಾಶ್ಮೀರದ ಅಸಲಿ ಗುರುತು ಕಾರ್ಪೆಟ್ಟಿನ ಮೇಲಿಲ್ಲ, ಮಗ್ಗದ ಮೇಲೆ ಸಿಕ್ಕಿಸಿದ ಕಾಗದದ ಪಟ್ಟಿಯಲ್ಲಿದೆ. ಅದರ ಹೆಸರು ತಾಲೀಮ್. ಯಾವ ಬಣ್ಣದ ಎಷ್ಟು ಗಂಟು ಎಂಬುದನ್ನು ಸಂಕೇತಲಿಪಿಯಲ್ಲಿ ಸಾಲು ಸಾಲಾಗಿ ಬರೆದಿರುತ್ತಾರೆ. ಒಬ್ಬರು ಓದುತ್ತಾ ಹೋದಂತೆ ಇನ್ನೊಬ್ಬರು ಗಂಟು ಹಾಕುತ್ತಾ ಹೋಗುತ್ತಾರೆ. ಎದುರಿಗೆ ಚಿತ್ರವೇ ಇರೋದಿಲ್ಲ! ಈಗ ತಾಲೀಮನ್ನು ಕಂಪ್ಯೂಟರಿನಲ್ಲೂ ತಯಾರಿಸುತ್ತಾರೆ, ಗಂಟು ಮಾತ್ರ ಕೈಯದ್ದೇ. 15ನೇ ಶತಮಾನದ ಸುಲ್ತಾನ ಜೈನುಲ್ ಆಬಿದೀನ್ ಪರ್ಷಿಯಾ, ಮಧ್ಯ ಏಷ್ಯಾದ ಕುಶಲಕರ್ಮಿಗಳನ್ನು ಕರೆತಂದ ಎಂಬುದು ಕಣಿವೆಯ ಜನ ಹೇಳುವ ಕಥೆ. ನಮ್ಮ ನವಲಗುಂದದ ಜಮಖಾನದ ಜೊತೆ ಇದನ್ನು ಬೆರೆಸಬೇಡಿ. ಅದು ಹತ್ತಿಯದು, ಗಂಟಿಲ್ಲದ ಚಪ್ಪಟೆ ನೇಯ್ಗೆ, ಅದರ ಕಥೆ ಇನ್ನೊಂದು.

ಕಾಶ್ಮೀರದ ಗಂಟಿನ ಕಾರ್ಪೆಟ್ಟಿಗೆ 2016ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಮೈಸೂರು ರೇಷ್ಮೆಗೆ ಇರುವಂಥದ್ದೇ ಭೌಗೋಳಿಕ ಗುರುತು. 2022ರಿಂದ ಪರೀಕ್ಷೆ ಆದ ಕಾರ್ಪೆಟ್ಟಿಗೆ ಕ್ಯೂಆರ್ ಕೋಡ್ ಇರುವ ಲೇಬಲ್ ಬಂದಿದೆ. ಸ್ಕ್ಯಾನ್ ಮಾಡಿದರೆ ನೇಯ್ದವರು, ತಯಾರಕರು, ಜಿಲ್ಲೆ, ಬಳಸಿದ ನೂಲಿನ ವಿವರ ಸಿಗಬೇಕು. ಲೇಬಲನ್ನು ನಕಲು ಮಾಡುವುದು ಕಷ್ಟವೇನಲ್ಲ. ಆದ್ದರಿಂದ ಫೋನಿನಲ್ಲಿ ಬಂದ ವಿವರ ನಿಮ್ಮ ಮುಂದಿರುವ ಕಾರ್ಪೆಟ್ಟಿಗೇ ಹೊಂದುತ್ತದಾ ನೋಡಿ. ಅಂಗಡಿಯ ಗೋಡೆಗೆ ತೂಗುಹಾಕಿದ 'ಗವರ್ನಮೆಂಟ್ ಅಪ್ರೂವ್ಡ್' ಫಲಕ ಅಂಗಡಿಯ ಬಗ್ಗೆ ಏನಾದರೂ ಹೇಳೀತು, ಈ ಕಾರ್ಪೆಟ್ಟಿನ ಬಗ್ಗೆ ಅಲ್ಲ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರೀಯ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ನೂಲು ರೇಷ್ಮೆಯೇ ಅನ್ನುತ್ತದೆ, ಎಲ್ಲಿ ನೇಯ್ದದ್ದು ಅನ್ನೋದಿಲ್ಲ.

ಈಗ ಗಂಟು ಎಣಿಸೋಣ. ಬೆನ್ನಿನ ಮೇಲೆ ಸ್ಕೇಲ್ ಇಟ್ಟು ಒಂದು ಇಂಚು ಉದ್ದಕ್ಕೆ, ಒಂದು ಇಂಚು ಅಡ್ಡಕ್ಕೆ ಎಣಿಸಿ ಗುಣಿಸಿ. 18 ಸಲ 18 ಅಂದ್ರೆ ಚದರ ಇಂಚಿಗೆ 324. (ಕೆಲವು ಕಾರ್ಪೆಟ್ಟುಗಳಲ್ಲಿ ಒಂದೇ ಗಂಟು ಅಕ್ಕಪಕ್ಕ ಎರಡು ಉಬ್ಬಾಗಿ ಕಾಣುತ್ತದೆ. ಎರಡನ್ನೂ ಎಣಿಸಿ ಲೆಕ್ಕ ದುಪ್ಪಟ್ಟು ಮಾಡುವ ವ್ಯಾಪಾರಿಗಳಿದ್ದಾರೆ.) 6 ಅಡಿಗೆ 4 ಅಡಿಯ ಕಾರ್ಪೆಟ್ ಅಂದರೆ 3,456 ಚದರ ಇಂಚು. ಒಟ್ಟು ಗಂಟು 11,19,744. ಒಬ್ಬ ನೇಕಾರ ದಿನಕ್ಕೆ 7,000 ಗಂಟು ಹಾಕುತ್ತಾನೆ ಎಂದಿಟ್ಟುಕೊಂಡರೂ 160 ದಿನದ ಕೆಲಸ.

ಅಂಗಡಿಯವರು ಇದಕ್ಕೆ 'ಸ್ಪೆಷಲ್ ಡಿಸ್ಕೌಂಟ್, 40,000' ಅಂದರು ಅನ್ನಿ. ರೇಷ್ಮೆ, ಬಣ್ಣ, ತೊಳೆತ, ಸಾಗಣೆ, ಮಳಿಗೆ ಬಾಡಿಗೆ, ದಲ್ಲಾಳಿ ಕಮಿಷನ್, ಎಲ್ಲವೂ ಸೊನ್ನೆ ಅಂತಲೇ ಇಟ್ಟುಕೊಂಡು ಇಡೀ ಹಣ ನೇಕಾರನ ಕೈಗೆ ಹೋದರೂ ದಿನಕ್ಕೆ 250 ರೂಪಾಯಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ 370 ರೂಪಾಯಿ. ಅಂದರೆ ಒಂದೋ ಆ ಕಾರ್ಪೆಟ್ ಹೇಳಿದಂಥದ್ದಲ್ಲ, ಇಲ್ಲವೇ ಯಾರದೋ ಅರ್ಧ ವರ್ಷದ ಕೂಲಿ ನುಂಗಿ ಅದು ಇಲ್ಲಿಗೆ ಬಂದಿದೆ. ಬೆಲೆ ಜಾಸ್ತಿ ಇದ್ದರೆ ನೇಕಾರನಿಗೆ ಸಿಕ್ಕಿತು ಅಂತಲೂ ಅಲ್ಲ. ಮಗ್ಗದ ಒಡೆಯ, ಗುತ್ತಿಗೆದಾರ, ರಫ್ತುದಾರ, ಅಂಗಡಿ, ಎಲ್ಲರ ಪಾಲು ಕಳೆದು ಉಳಿದದ್ದು ಅವನದು. ಮೆಷಿನ್ ಮಾಲು 'ಕಾಶ್ಮೀರಿ' ಹೆಸರಲ್ಲಿ ಮಾರಾಟವಾದಷ್ಟೂ ಅಸಲಿಗೆ ಸಿಗುವ ದರ ಕುಸಿಯುತ್ತದೆ, ಅಸಲಿ ಮಾಲು ಮಾರುವ ಕಾಶ್ಮೀರಿ ವ್ಯಾಪಾರಿಯೂ ಸೋಲುತ್ತಾನೆ. ಆದ್ದರಿಂದ 'ಕಾಶ್ಮೀರದವರೆಲ್ಲ ಮೋಸ' ಎಂಬ ಮಾತಿಗೆ ಈ ಲೇಖನವನ್ನು ಬಳಸಿಕೊಳ್ಳಬೇಡಿ.

ಇನ್ನೊಂದು ಮಾತು ಕೇಳಿಬಂದರೆ ಅಲ್ಲಿಂದ ಎದ್ದು ಬನ್ನಿ: 'ಇಷ್ಟು ನಾಜೂಕು ಗಂಟು ಮಕ್ಕಳ ಸಣ್ಣ ಬೆರಳಿಗೆ ಮಾತ್ರ ಸಾಧ್ಯ.' ನಾಜೂಕು ಗಂಟು ಬರೋದು ವರ್ಷಗಳ ಅಭ್ಯಾಸದಿಂದ. ಮಕ್ಕಳನ್ನು ಕೂರಿಸಿದ್ದು ಕೂಲಿ ಕಡಿಮೆ ಅಂತ. ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಕಾರ್ಪೆಟ್ ನೇಯ್ಗೆಯನ್ನು 1986ರ ಬಾಲಕಾರ್ಮಿಕ ಕಾಯ್ದೆಯೇ ಸೇರಿಸಿತ್ತು. ಕೈಲಾಶ್ ಸತ್ಯಾರ್ಥಿ ಅವರ ಪ್ರಯತ್ನದಿಂದ 1994ರಲ್ಲಿ ಶುರುವಾದ ರಗ್‌ಮಾರ್ಕ್ ಈಗ ಗುಡ್‌ವೀವ್ ಎಂಬ ಲೇಬಲ್ ಆಗಿದೆ. ಮಗ್ಗದಲ್ಲಿ ಮಕ್ಕಳನ್ನು ದುಡಿಸಿಕೊಂಡಿಲ್ಲವೇ ಎಂದು ತಪಾಸಣೆ ಮಾಡಿ ಕೊಡುವ ಗುರುತು ಅದು.

ಕೊಳ್ಳುವುದೇ ಆದರೆ ಬಿಲ್ಲಿನಲ್ಲಿ ಬರೀ 'ಸಿಲ್ಕ್ ಕಾರ್ಪೆಟ್' ಅಂತ ಬರೆಸಿಕೊಳ್ಳಬೇಡಿ. ಕೈಯಲ್ಲಿ ಗಂಟು ಹಾಕಿದ್ದು, ಮೇಲ್ಮೈ ರೇಷ್ಮೆ, ಹಾಸು ಹತ್ತಿಯೋ ರೇಷ್ಮೆಯೋ, ಚದರ ಇಂಚಿಗೆ ಇಷ್ಟು ಗಂಟು, ನೇಯ್ದ ಊರು ಇಂಥದ್ದು, ಲೇಬಲ್ ನಂಬರ್ ಇಷ್ಟು, ಇಷ್ಟನ್ನೂ ಬರೆದು ಸಹಿ ಹಾಕಿ ಅನ್ನಿ. ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಯೋಕೆ ತಡವರಿಸಿದರೆ, ಅದನ್ನು ಸುತ್ತಿ ಅವರ ಕೈಗೇ ವಾಪಸ್ ಕೊಡಿ.