ಅಲೆಯುವ ತೇರು, ಜಾರುವ ಸಂಕ್ರಾಂತಿ

ಕಲಿಕತ್ತೆಯ ಉತ್ತರಕ್ಕೆ, ಹೂಗ್ಲಿ ನದಿಯ ಪಶ್ಚಿಮತೀರದ ಶ್ರೀರಾಮಪುರಕ್ಕೆ ಸೇರಿದ ಮಹೇಶವೆಂಬ ಕ್ಷೇತ್ರದಲ್ಲಿ, ಮಹಾನಗರದ ಜನಸಮೂಹವೂ ಹೋಗಿ ಎಳೆದು ಬರುವ ಜಗನ್ನಾಥನ ರಥವು 2023ರಲ್ಲಿ ಜೂನ್ 20ರಂದು ಹೊರಟಿತು. ಮರುವರ್ಷ ಜುಲೈ 7ರಂದು, 2025ರಲ್ಲಿ ಜೂನ್ 27ರಂದು. ಇದಕ್ಕೆ ಪ್ರತಿಯಾಗಿ ಬಂಗಾಳದ ಸೌರ ಚೈತ್ರಮಾಸದ ಕಡೆಯ ದಿನವಾದ ಸಂಕ್ರಾಂತಿಯಂದು, ಗಾಜನವೆಂಬ ಶಿವೋತ್ಸವದ ಸಂನ್ಯಾಸಿಗಳು ಎತ್ತರದ ಕಂಬಕ್ಕೆ ತೂಗಿಕೊಂಡು ಸುತ್ತುವ ಚಡಕಪೂಜೆಯೂ, ಅದರ ಬೆನ್ನಿಗೇ ವರ್ತಕರು ಹೊಸ ಲೆಕ್ಕದ ಪುಸ್ತಕ ತೆರೆಯುವ ಬಂಗಾಳಿ ವರ್ಷಾರಂಭವೂ ಏಪ್ರಿಲ್ ಮಧ್ಯಭಾಗವನ್ನು ಬಿಟ್ಟು ಕದಲವು. ಯಾವುದು ಚಂಚಲ, ಯಾವುದು ಸ್ಥಿರ ಎಂದು ಕೇಳಿದರೆ ಉತ್ತರ ಸುಲಭವೆಂದು ತೋರಬಹುದು. ಗಣಿತವು ಬೇರೆಯೇ ಹೇಳುತ್ತದೆ.

ಆಷಾಢ ಶುಕ್ಲ ದ್ವಿತೀಯೆಯ ರಥವು ಚಂದ್ರನನ್ನು ಅನುಸರಿಸುವುದರಿಂದಲೂ, ಹನ್ನೆರಡು ಚಾಂದ್ರಮಾಸಗಳು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಮೆಯಾದುದರಿಂದಲೂ ಅದು ಹಿಂದಕ್ಕೆ ಸರಿಯುತ್ತದೆ. 19 ವರ್ಷಗಳಲ್ಲಿ 7 ಬಾರಿ ಬರುವ ಅಧಿಕಮಾಸ ಅದನ್ನು ಮತ್ತೆ ಮುಂದಕ್ಕೆ ತರುತ್ತದೆ. ಈ ಅಲೆದಾಟ ಕಣ್ಣಿಗೆ ಕಾಣುವಂಥದು, ಆದುದರಿಂದಲೇ ತಿದ್ದಲ್ಪಟ್ಟದ್ದು. ಸಂಕ್ರಾಂತಿಯ ಜಾರುವಿಕೆಯಾದರೋ ಒಬ್ಬನ ಆಯುಷ್ಯದಲ್ಲಿ ಗೋಚರಿಸುವುದಿಲ್ಲ. ಭೂಮಿಯ ಅಕ್ಷವು ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಮುಗಿಸುವುದರಿಂದ, ನಕ್ಷತ್ರಗಳನ್ನು ನೆಚ್ಚಿದ ನಮ್ಮ ನಿರಯನ ವರ್ಷವು ಋತುಗಳ ವರ್ಷಕ್ಕಿಂತ 20 ನಿಮಿಷಕ್ಕೂ ಮಿಗಿಲಾಗಿ ದೀರ್ಘವಾಗಿದೆ. ಪ್ರಾಚೀನ ಜ್ಯೋತಿಷಗ್ರಂಥವಾದ ಸೂರ್ಯಸಿದ್ಧಾಂತದ ಮಾನದಲ್ಲಿ ಈ ಅಂತರ ಸುಮಾರು 24 ನಿಮಿಷ, ಎಂದರೆ 60 ವರ್ಷಕ್ಕೆ ಒಂದು ದಿನ. ಒಂದೂವರೆ ಸಾವಿರ ವರ್ಷಗಳ ಹಿಂದೆ ವಿಷುವದ ಆಸುಪಾಸಿನಲ್ಲಿದ್ದ ಮೇಷ ಸಂಕ್ರಮಣವು ಇಂದು ಅದಕ್ಕಿಂತ 23 ದಿನಕ್ಕೂ ಮಿಕ್ಕಿ ತಡವಾಗಿ ಬರುತ್ತದೆ. ಅಂದು ಕಲಿಕತ್ತೆಯ ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ 22 ಡಿಗ್ರಿಗೂ ಹೆಚ್ಚು ಓರೆಯಾಗಿರುತ್ತಿದ್ದನು. ಇಂದಿನ ಚಡಕದ ದಿನ 13 ಡಿಗ್ರಿ ಮಾತ್ರ. ನಮ್ಮ ಕರಾವಳಿಯ ಬಿಸುವಿನ ಬಿಸಿಲಿಗೂ ಇದೇ ಗಣಿತ. (ರಥವೂ ಇದರಿಂದ ಪಾರಾಗಿಲ್ಲ, ಚಾಂದ್ರಮಾಸಗಳ ಹೆಸರನ್ನು ನಿಶ್ಚಯಿಸುವುವೂ ಇದೇ ಸಂಕ್ರಾಂತಿಗಳಷ್ಟೆ.)

ಪಂಚಾಂಗವನ್ನೇ ಬದಲಿಸಿದರೆ ಸಾಲದೆ ಎನ್ನಬಹುದು. ಜಪಾನಿನವರು 1873ರಲ್ಲಿ ಪಾಶ್ಚಾತ್ಯ ಪಂಚಾಂಗವನ್ನು ಒಮ್ಮೆಗೇ ಅಂಗೀಕರಿಸಿ ಬೇರೊಂದು ಪೇಚಿಗೆ ಸಿಕ್ಕರು. ಏಳನೆಯ ಚಾಂದ್ರಮಾಸದ ಏಳನೆಯ ದಿನದ ನಕ್ಷತ್ರೋತ್ಸವ ತನಬತವನ್ನು ಜುಲೈ 7ಕ್ಕೆ ಕಟ್ಟಿಹಾಕಲಾಗಿ, ತಾರೆಗಳನ್ನು ನೋಡಬೇಕಾದ ಇರುಳು ಮಳೆಗಾಲದ ಮೋಡದಡಿಗೆ ಬಿದ್ದಿತು; ಸೆಂದೈಯಂಥ ಕೆಲವು ನಗರಗಳು ಅದನ್ನು ಆಗಸ್ಟಿನ ಸೆಕೆಯಲ್ಲಿ ಉಳಿಸಿಕೊಂಡವು. ಅಂಕೆಯನ್ನು ಹಿಡಿದು ಋತುವನ್ನು ಬಿಟ್ಟ ಉದಾಹರಣೆಯಿದು.

ಕಲಿಕತ್ತೆಯ ಭೌತವಿಜ್ಞಾನಿ ಮೇಘನಾದ ಸಹಾ ಋತುವನ್ನೇ ಹಿಡಿಯಬಯಸಿದರು. 1952ರಲ್ಲಿ ನೇಮಕವಾಗಿ 1955ರಲ್ಲಿ ವರದಿ ಒಪ್ಪಿಸಿದ ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ಅವರೂ, ಕಾರ್ಯದರ್ಶಿ ನಿರ್ಮಲಚಂದ್ರ ಲಾಹಿರಿಯವರೂ, ಧಾರ್ಮಿಕ ಪಂಚಾಂಗದಲ್ಲಿ ಅಯನಾಂಶವನ್ನು, ಎಂದರೆ ವಿಷುವಕ್ಕೂ ನಿರಯನ ಮೇಷಾರಂಭಕ್ಕೂ ನಡುವಿನ ಅಂತರವನ್ನು, 23 ಡಿಗ್ರಿ 15 ಕಲೆಗಳಲ್ಲಿ ನಿಲ್ಲಿಸಿಬಿಟ್ಟರೆ ಹಬ್ಬಗಳು ಇನ್ನು ಮುಂದಾದರೂ ಜಾರವೆಂದು ಸೂಚಿಸಿದರು. ಈ ಸಲಹೆಯನ್ನು ಮೀರಿಸುವ ಉಪಾಯವನ್ನು ನಾನು ಕಾಣೆನು. ಸಹಾ ಅವರು 1956ರಲ್ಲಿ ತೀರಿಕೊಂಡರು. ಅದೇ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ಸರಕಾರದ ಗೆಜೆಟ್ಟಿನಲ್ಲಿ ರಾಷ್ಟ್ರೀಯ ಶಕ ದಿನಾಂಕವು ಕಾಣಿಸಿಕೊಂಡಿತು. ಚಡಕದ ದಿನವನ್ನು ಗೊತ್ತುಮಾಡುವುದು ಮಾತ್ರ ಇಂದಿಗೂ ಹಳೆಯ ನಿರಯನ ಪಂಜಿಕೆಯೇ.