ಸುರುಳಿಯ ಗಾತ್ರವೋ, ಸುತ್ತಿನ ಲೆಕ್ಕವೋ?

ಟ್ರಾನ್ಸ್‌ಫಾರ್ಮರಿನ ಸುರುಳಿ ಅಗಲವಾದಷ್ಟೂ ವೋಲ್ಟೇಜು ಹೆಚ್ಚುತ್ತದೆ ಎಂಬುದು ಗಟ್ಟಿಯಾಗಿ ಬೇರೂರಿದ ನಂಬಿಕೆ. ರಿಪೇರಿಗೆ ಬಿಚ್ಚಿಟ್ಟ ರಸ್ತೆ ಬದಿಯ ಟಿಸಿಯನ್ನು (ವಿದ್ಯುತ್ ಹಂಚುವ ಟ್ರಾನ್ಸ್‌ಫಾರ್ಮರನ್ನು) ಕಂಡರೆ ಅದು ನಿಜವೆಂದೇ ತೋರುತ್ತದೆ. 11,000 ವೋಲ್ಟಿನ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಸುರುಳಿ ಹೊರಗೆ, ಅಗಲವಾಗಿ ಕೂತಿರುತ್ತದೆ. ಎಲ್‌ಟಿ (ಕಡಿಮೆ ವೋಲ್ಟೇಜಿನ) ಸುರುಳಿ ಅದರ ಹೊಟ್ಟೆಯೊಳಗೆ, ಕಬ್ಬಿಣದ ಕೋರಿಗೆ ಹತ್ತಿರವಾಗಿ ಇರುತ್ತದೆ. ಆದರೆ ಈ ಜೋಡಣೆಗೆ ಕಾರಣ ಬೇರೆ. ಕೋರಿಗೆ ಅರ್ಥ್ ಮಾಡಿರುತ್ತಾರೆ. ಹೆಚ್ಚು ವೋಲ್ಟಿನ ತಂತಿ ಅದರಿಂದ ದೂರವಿದ್ದಷ್ಟೂ ಇನ್ಸುಲೇಷನ್ ಸುಲಭ. ವೋಲ್ಟೇಜು ಇಳಿಯುವುದು ಸುತ್ತುಗಳ ಲೆಕ್ಕದಿಂದ. ಡೆಲ್ಟಾ–ಸ್ಟಾರ್ ಜೋಡಣೆಯ 11,000/433 ವೋಲ್ಟಿನ ಟಿಸಿಯಲ್ಲಿ ಎಲ್‌ಟಿಯ ಒಂದು ಫೇಸಿಗೆ ಬರುವುದು 250 ವೋಲ್ಟ್. ಅಂದರೆ ಎಲ್‌ಟಿಯ ಒಂದು ಸುತ್ತಿಗೆ ಎಚ್‌ಟಿಯಲ್ಲಿ 44 ಸುತ್ತು.

ಸುರುಳಿಯ ಅಗಲ ಏಕೆ ಲೆಕ್ಕಕ್ಕಿಲ್ಲ? ಕಾಂತಪ್ರವಾಹ ಹೆಚ್ಚುಕಡಿಮೆ ಪೂರ್ತಿ ಕಬ್ಬಿಣದೊಳಗೇ ಹರಿಯುತ್ತದೆ. ಕೋರಿನ ಕಿಟಕಿಯ ಮೂಲಕ ಹಾಯಿಸಿ ಬಿಗಿಯಾಗಿ ಹಾಕಿದ ಒಂದು ಸುತ್ತಾಗಲಿ, ಗಾಳಿಯಲ್ಲಿ ಬಳೆಯಂತೆ ಸಡಿಲ ಬಿಟ್ಟ ಸುತ್ತಾಗಲಿ, ಬಳಸುವುದು ಅದೇ ಕಬ್ಬಿಣವನ್ನು. ಮೀಟರು ತೋರಿಸುವುದೂ ಅಷ್ಟೇ ವೋಲ್ಟು. ಸಡಿಲ ಸುತ್ತಿಗೆ ತಂತಿ ಹೆಚ್ಚು ದಂಡವಾಗುತ್ತದೆ, ಸೋರಿಕೆಯೂ ತುಸು ಹೆಚ್ಚು.

ಗಾತ್ರದ ಮಾತು ನಿಜಕ್ಕೂ ಬರುವುದು ಕೋರಿನ ಅಡ್ಡಕೊಯ್ತದಲ್ಲಿ. 10 ಚದರ ಸೆಂಟಿಮೀಟರಿನ ಕೋರು, 50 ಹರ್ಟ್ಸ್, 1.2 ಟೆಸ್ಲಾ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 0.27 ವೋಲ್ಟ್. ಆಗ 230 ವೋಲ್ಟಿನ ಪ್ರೈಮರಿಗೆ 863 ಸುತ್ತು, 12 ವೋಲ್ಟಿನ ಸೆಕೆಂಡರಿಗೆ 45 ಸುತ್ತು ಬೇಕು. ಕೋರು ಇಮ್ಮಡಿಯಾದರೆ ಎರಡೂ ಕಡೆ ಸುತ್ತು ಅರ್ಧಕ್ಕಿಳಿಸಬಹುದು. ಇದ್ದ ಸುತ್ತನ್ನೇ ಉಳಿಸಿಕೊಂಡು ಕೋರನ್ನಷ್ಟೇ ದೊಡ್ಡದು ಮಾಡಿದರೆ ಹೊರಗೆ ಬರುವುದು ಮತ್ತೆ ಅದೇ 12.

ಇಲ್ಲೇ ಅರ್ಧ ತಿಳಿದವರ ತಪ್ಪೊಂದು ಹುಟ್ಟುತ್ತದೆ: ಅನುಪಾತ ಸರಿಯಿದ್ದರೆ ಸಾಕಲ್ಲ, 863ರ ಬದಲು 86 ಸುತ್ತು ಹಾಕಿದರೇನು? ಅದೇ ಕೋರಿನಲ್ಲಿ 86 ಸುತ್ತಿಗೆ 230 ವೋಲ್ಟ್ ತಾಳಬೇಕಾದರೆ 12 ಟೆಸ್ಲಾ ಬೇಕು. ಟ್ರಾನ್ಸ್‌ಫಾರ್ಮರಿನ ಕಬ್ಬಿಣವೋ 2 ಟೆಸ್ಲಾದ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಪ್ರೈಮರಿ ವಿಪರೀತ ಕರೆಂಟು ಎಳೆದು, ಫ್ಯೂಸು ಹಾರದಿದ್ದರೆ ಸುರುಳಿಯೇ ಸುಡುತ್ತದೆ.

ದಪ್ಪ ತಂತಿಯೂ ವೋಲ್ಟೇಜನ್ನು ಏರಿಸುವುದಿಲ್ಲ. ಲೋಡ್ ಇಲ್ಲದಾಗ ದಪ್ಪ ತಂತಿ, ಸಣ್ಣ ತಂತಿ ಎರಡೂ 12 ವೋಲ್ಟನ್ನೇ ತೋರುತ್ತವೆ. 2 ಆಂಪಿಯರ್ ಎಳೆದಾಗಲೇ ವ್ಯತ್ಯಾಸ ಕಾಣುವುದು: ಸೆಕೆಂಡರಿ ತಂತಿಯ ರೋಧ 1 ಓಮ್ ಇದ್ದರೆ ಅದೊಂದೇ 2 ವೋಲ್ಟ್ ನುಂಗುತ್ತದೆ, 0.1 ಓಮ್ ಇದ್ದರೆ 0.2 ಮಾತ್ರ. ಸಣ್ಣ ತಂತಿ ಹಾಕಿದ ಟ್ರಾನ್ಸ್‌ಫಾರ್ಮರು ಲೋಡಿನಲ್ಲಿ ಸೊರಗುವುದನ್ನು ಕಂಡವರೇ ‘ದಪ್ಪ ತಂತಿಗೆ ಹೆಚ್ಚು ವೋಲ್ಟು’ ಎಂದು ತೀರ್ಮಾನಿಸಿರಬೇಕು. ಗೇಜಿನ ನಂಬರು ಹೆಚ್ಚಿದಷ್ಟೂ ತಂತಿ ಸಣ್ಣದಾಗುತ್ತದೆ ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಸುರುಳಿ ಬಿಚ್ಚುವಾಗ ಸುತ್ತುಗಳನ್ನು ಎಣಿಸಿ, ತಂತಿಯ ಗೇಜು ನೋಡಿ ಬರೆದಿಡುತ್ತಾರೆ. ಸುರುಳಿ ಎಷ್ಟು ಅಗಲವಿತ್ತೆಂದು ಬರೆದುಕೊಳ್ಳಬೇಕಿಲ್ಲ. ಅದನ್ನು ತಂತಿ ಸುತ್ತುವ ಬಾಬಿನ್ನೇ ತೀರ್ಮಾನಿಸಿರುತ್ತದೆ.